ಕೋಡ್ ಕೈಪಿಡಿಯ ಪುಟ ಖಾಲಿ ಬಂದರೆ ಎಲ್ಲಿಂದ ಹುಡುಕಬೇಕು

"ಅಣ್ಣಾ, ದರದ ಪುಟ ಖಾಲಿ ಬಂದಿದೆ. ಹೆಡ್ಡಿಂಗ್ ಮಾತ್ರ ಇದೆ, ಕೆಳಗೆ ಎಂತದೂ ಇಲ್ಲ."

ಆಷಾಢದ ಒಂದು ಬೆಳಿಗ್ಗೆ ನಮ್ಮ ಹುಡುಗ ಫೋನಿನಲ್ಲಿ ಹೇಳಿದ್ದು ಇಷ್ಟು. ನಮ್ಮದು ಶಿವಮೊಗ್ಗದಲ್ಲಿ ಮೂರೇ ಜನರ ತಂಡ. ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತೇವೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯಲ್ಲಿ ಹಲವು ಬಗೆ, ಬೇರೆ ಬೇರೆ ತೂಕ, ಬೇರೆ ಬೇರೆ ದರ. ಅದೇ ಕೋಡನ್ನು ಬೇರೆ ಊರಿನ ಇನ್ನೊಂದು ತಂಡವೂ ಬಳಸುತ್ತದೆ. ಅವರಿಗೆ ಕೊಡುವ ಕೈಪಿಡಿಯನ್ನು ನಾವು ಕೂತು ಬರೆಯುವುದಿಲ್ಲ. ಫಂಕ್ಷನ್ನಿನ ಒಳಗೆ ಬರೆದ ವಿವರಣೆಯನ್ನೇ ಸ್ಫಿಂಕ್ಸ್ ಅನ್ನುವ ಸಾಧನ ಎತ್ತಿಕೊಂಡು ವೆಬ್ ಪುಟ ಮಾಡುತ್ತದೆ. ಚೆನ್ನಾಗಿ ನಡೆದಷ್ಟು ದಿನ ಅದು ಇದೆ ಅನ್ನುವುದೇ ಮರೆತುಹೋಗಿರುತ್ತದೆ.

ಹುಡುಗ ಹಿಂದಿನ ರಾತ್ರಿ ಹನ್ನೊಂದರವರೆಗೆ ಥೀಮ್ ಬದಲಾಯಿಸಿ ನೋಡಿದ್ದನಂತೆ. ಸ್ಫಿಂಕ್ಸ್ ತೆಗೆದು ಮತ್ತೆ ಹಾಕಿದ್ದನಂತೆ. "ನಲ್ಲಿ ಬಿಚ್ಚಿದ್ಯಲ್ಲ ಮಾರಾಯ" ಅಂದೆ. ಅವನದು ತೀರ್ಥಹಳ್ಳಿ ಕಡೆ ಊರು, ತಕ್ಷಣ ಅರ್ಥವಾಯಿತು.

ಗುಡ್ಡದ ಒರತೆಯಿಂದ ಪೈಪಿನಲ್ಲಿ ಅಬ್ಬಿ ನೀರು ಬರುವ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು. ಬೆಳಿಗ್ಗೆ ನೀರು ನಿಂತರೆ ಬಚ್ಚಲಿನ ನಲ್ಲಿಯನ್ನು ಯಾರೂ ಬಿಚ್ಚುವುದಿಲ್ಲ. ಕತ್ತಿ ಹಿಡಿದು ಗುಡ್ಡ ಹತ್ತುತ್ತಾರೆ. ದಾರಿ ಮಧ್ಯದಲ್ಲಿ ಒಂದು ಜಾಯಿಂಟ್ ಬಿಚ್ಚುತ್ತಾರೆ. ಅಲ್ಲಿ ನೀರು ಚಿಮ್ಮಿದರೆ ತೊಂದರೆ ಕೆಳಗಿದೆ. ಇಲ್ಲದಿದ್ದರೆ ಮೇಲೆ ಎಲೆಯೋ ಏಡಿಯೋ ಸಿಕ್ಕಿಕೊಂಡಿದೆ. ತಾನಾಗಿ ತಯಾರಾಗುವ ಕೈಪಿಡಿ ಕೆಟ್ಟಾಗಲೂ ಇದೇ ದಾರಿ.

ಒಂದು ಮಾತು ಮೊದಲೇ ಹೇಳುತ್ತೇನೆ. ಇಲ್ಲಿ ಕಮಾಂಡು, ಸೆಟ್ಟಿಂಗುಗಳ ಹೆಸರನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.

ಮೊದಲು ಮಧ್ಯದ ಜಾಯಿಂಟ್

ವಿವರಣೆ ಹುಟ್ಟುವುದು ಕೋಡಿನ ಫೈಲಿನಲ್ಲಿ. ಅದನ್ನು ಸ್ಫಿಂಕ್ಸೋ, ಅಂಥದೇ ಇನ್ನೊಂದು ಸಾಧನವಾದ ಡಾಕ್ಸಿಜನ್ನೋ ಓದುತ್ತದೆ. ಓದಿದ್ದನ್ನು ಎಚ್‌ಟಿಎಂಎಲ್ ಮಾಡಿ ಒಂದು ಫೋಲ್ಡರಿನಲ್ಲಿ ಇಡುತ್ತದೆ. ಆ ಫೋಲ್ಡರ್ ಸರ್ವರಿಗೆ ಹೋಗುತ್ತದೆ. ಅಲ್ಲಿಂದ ನಿಮ್ಮ ಬ್ರೌಸರಿಗೆ.

ಮಧ್ಯದ ಜಾಯಿಂಟ್ ಅಂದರೆ ಆ ಫೋಲ್ಡರ್. ಬಿಲ್ಡ್ ಆದ ಮೇಲೆ, ಅಂದರೆ ಸಾಧನ ಕೈಪಿಡಿ ತಯಾರಿಸಿ ಮುಗಿಸಿದ ಮೇಲೆ, ಅಲ್ಲಿರುವ ಎಚ್‌ಟಿಎಂಎಲ್ ಫೈಲನ್ನು ನಿಮ್ಮ ಯಂತ್ರದಲ್ಲೇ ತೆರೆದು ನೋಡಿ. ಇಂಟರ್ನೆಟ್ ಬೇಕಾಗಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಅದು ಸಣ್ಣ ಅನುಕೂಲವೇನಲ್ಲ. ಮಾತು ಅಲ್ಲಿ ಸರಿಯಾಗಿದ್ದರೆ ಕೋಡನ್ನು ಮುಟ್ಟಲೇಬೇಡಿ, ತಪ್ಪು ಸರ್ವರಿನ ಕಡೆ ಇದೆ. ಅಲ್ಲೂ ಇಲ್ಲದಿದ್ದರೆ ಥೀಮ್, ಸರ್ವರ್, ಬ್ರೌಸರ್ ಎಲ್ಲ ಬಿಟ್ಟು ಮೇಲಕ್ಕೆ ಹತ್ತಿ.

ಒಂದು ಎಚ್ಚರಿಕೆ. ಹಳೆಯ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ, ಹೊಸದಾಗಿ ಬಿಲ್ಡ್ ಮಾಡಿ ಆಮೇಲೆ ನೋಡಿ. ಇಲ್ಲದಿದ್ದರೆ ನಿನ್ನೆಯ ಪುಟ ನೋಡಿ ಇವತ್ತಿನ ತೀರ್ಮಾನಕ್ಕೆ ಬರುತ್ತೀರಿ. ಹುಡುಗನ ಯಂತ್ರದಲ್ಲಿ ಆಗಿದ್ದೂ ಅದೇ. ಅಲ್ಲಿ ಪುಟ ಸರಿಯಾಗಿ ಕಾಣುತ್ತಿತ್ತು. ಯಾಕೆಂದರೆ ಅದು ಮೂರು ದಿನ ಹಳೆಯದು.

ಪುಟ ಪೂರ್ತಿ ಖಾಲಿ

ಸ್ಫಿಂಕ್ಸ್ ಬಳಸುವವರಿಗೆ ಆಗಾಗ ಬರುವ ತೊಂದರೆ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

1997ರಿಂದ ಇರುವ ಡಾಕ್ಸಿಜನ್ ಕೋಡನ್ನು ಓದುತ್ತದೆ. 2008ರಲ್ಲಿ ಬಂದ ಸ್ಫಿಂಕ್ಸಿನಲ್ಲಿ ವಿವರಣೆ ಎತ್ತುವ ಭಾಗವಾದ ಆಟೊಡಾಕ್ ಕೋಡನ್ನು ಓಡಿಸುತ್ತದೆ. ಈ ಎರಡರ ವ್ಯತ್ಯಾಸ ತಲೆಯಲ್ಲಿ ಇಳಿದರೆ ಅರ್ಧ ತೊಂದರೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಡಾಕ್ಸಿಜನ್ನಿಗೆ ನಿಮ್ಮ ಫೈಲು ಬರೀ ಅಕ್ಷರ. ಆಟೊಡಾಕ್ ಹಾಗಲ್ಲ, ನಿಮ್ಮ ಮಾಡ್ಯೂಲನ್ನು, ಅಂದರೆ ಪೈಥಾನ್ ಕೋಡಿನ ಫೈಲನ್ನು, ನಿಜವಾಗಿ ಇಂಪೋರ್ಟ್ ಮಾಡುತ್ತದೆ, ಪೈಥಾನಿನ ಒಳಗೆ ಕರೆದುಕೊಳ್ಳುತ್ತದೆ. ಇಂಪೋರ್ಟ್ ಮಾಡುವಾಗ ಮಾಡ್ಯೂಲಿನ ಹೊರಹಂತದ ಸಾಲುಗಳೆಲ್ಲ ನಡೆಯುತ್ತವೆ. ಅದರಲ್ಲಿ ಒಂದು ಸಾಲು ಬಿದ್ದರೂ ಇಡೀ ಮಾಡ್ಯೂಲ್ ಬೀಳುತ್ತದೆ, ಪುಟದಲ್ಲಿ ಹೆಡ್ಡಿಂಗ್ ಮಾತ್ರ ಉಳಿಯುತ್ತದೆ.

ನಮ್ಮ ದರದ ಮಾಡ್ಯೂಲಿನಲ್ಲಿ ಆದದ್ದನ್ನೇ ಹೇಳುತ್ತೇನೆ. ಮಂಡಿಯಲ್ಲಿ ತೂಕದ ಯಂತ್ರ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಸೇರಿರುತ್ತದೆ. ಅದರ ಜೊತೆ ಮಾತಾಡಲು ಪೈಸೀರಿಯಲ್ ಅನ್ನುವ ಲೈಬ್ರರಿ ಬಳಸುತ್ತೇವೆ. ಯಾರೋ ಪುಣ್ಯಾತ್ಮ ಪೋರ್ಟ್ ತೆರೆಯುವ ಸಾಲನ್ನು ಫಂಕ್ಷನ್ನಿನ ಒಳಗೆ ಬರೆಯದೆ ಫೈಲಿನ ತಲೆಯ ಮೇಲೇ ಬರೆದಿದ್ದ. ಆ ಪುಣ್ಯಾತ್ಮ ನಾನೇ. ನನ್ನ ಮೇಜಿನ ಮೇಲೆ ತೂಕದ ಯಂತ್ರ ಇತ್ತು, ಪೋರ್ಟ್ ತೆರೆಯಿತು, ಕೈಪಿಡಿ ಸುಂದರವಾಗಿ ಬಂತು. ಬಿಲ್ಡ್ ಮಾಡುವ ಸರ್ವರಿಗೆ ಎಲ್ಲಿಯ ತಕ್ಕಡಿ? ಅಲ್ಲಿ ಪೈಸೀರಿಯಲ್ಲೇ ಇರಲಿಲ್ಲ. ಇಂಪೋರ್ಟ್ ಬಿತ್ತು.

ಬಿದ್ದರೆ ಕೂಗಬೇಕಲ್ವಾ? ಕೂಗಲಿಲ್ಲ. ಸ್ಫಿಂಕ್ಸಿಗೆ ಇದು ಎರರ್ ಅಲ್ಲ, ವಾರ್ನಿಂಗ್. ಮಾಡ್ಯೂಲ್ ಇಂಪೋರ್ಟ್ ಆಗಲಿಲ್ಲ ಅಂತ ಲಾಗಿನ ನಡುವೆ ಒಂದು ಸಾಲು ಬರೆದು, ಕೊನೆಯಲ್ಲಿ "ಬಿಲ್ಡ್ ಸಕ್ಸೀಡೆಡ್, ಇಷ್ಟು ವಾರ್ನಿಂಗ್" ಅಂತ ಹೇಳಿ ಮುಗಿಸುತ್ತದೆ. ಸಕ್ಸೀಡೆಡ್ ಅನ್ನುವ ಪದ ಕಂಡ ಮೇಲೆ ಅದರ ಪಕ್ಕದ್ದನ್ನು ಯಾರು ಓದುತ್ತಾರೆ? ಸರ್ವರ್ ಕೂಡ ಹಸಿರು ದೀಪ ತೋರಿಸಿ ಸುಮ್ನಾಯಿತು.

ಹೀಗಾದಾಗ ಸ್ಫಿಂಕ್ಸನ್ನು ಪಕ್ಕಕ್ಕಿಡಿ. ಬಿಲ್ಡ್ ನಡೆಯುವ ಅದೇ ಯಂತ್ರದಲ್ಲಿ, ಅದೇ ವರ್ಚುವಲ್ ಎನ್ವಿರಾನ್ಮೆಂಟಿನಲ್ಲಿ (ಆ ಪ್ರಾಜೆಕ್ಟಿಗೆ ಅಂತ ಬೇರೆಯಾಗಿ ಇಟ್ಟ ಪೈಥಾನ್, ಲೈಬ್ರರಿಗಳ ಜಾಗ) ಪೈಥಾನ್ ತೆರೆದು ಆ ಮಾಡ್ಯೂಲನ್ನು ಕೈಯಾರೆ ಇಂಪೋರ್ಟ್ ಮಾಡಿ. ಬೀಳುವ ಎರರ್ ಅಲ್ಲೇ ಮುಖಕ್ಕೆ ಹೊಡೆಯುತ್ತದೆ. ನಿಮ್ಮ ಮಾಡ್ಯೂಲೇ ಸಿಗುತ್ತಿಲ್ಲ ಅಂದರೆ ದಾರಿ ತಪ್ಪಿದೆ: ಸ್ಫಿಂಕ್ಸಿನ ಸೆಟ್ಟಿಂಗುಗಳಿರುವ ಕಾನ್ಫ್ ಡಾಟ್ ಪೈ ಫೈಲಿನಲ್ಲಿ, ಪೈಥಾನ್ ಮಾಡ್ಯೂಲು ಹುಡುಕುವ ಜಾಗಗಳ ಪಟ್ಟಿಗೆ, ಅಂದರೆ ಕೋಡಿನ ಫೋಲ್ಡರನ್ನು ಸಿಸ್ ಪಾತ್‌ಗೆ ಸೇರಿಸಿ, ಇಲ್ಲವೇ ನಿಮ್ಮ ಪ್ಯಾಕೇಜನ್ನು ಅಲ್ಲಿ ಇನ್‌ಸ್ಟಾಲ್ ಮಾಡಿ. ಬೇರೆಯವರ ಲೈಬ್ರರಿ ಸಿಗುತ್ತಿಲ್ಲ ಅಂದರೆ ಅದನ್ನು ಇನ್‌ಸ್ಟಾಲ್ ಮಾಡಬಹುದು. ಅಥವಾ ಆಟೊಡಾಕ್ ಮಾಕ್ ಇಂಪೋರ್ಟ್ಸ್ ಅನ್ನುವ ಸೆಟ್ಟಿಂಗಿನಲ್ಲಿ ಅದರ ಹೆಸರು ಬರೆದರೆ ಸ್ಫಿಂಕ್ಸ್ ಅದರ ಜಾಗದಲ್ಲಿ ಒಂದು ಬೆದರುಗೊಂಬೆ ನಿಲ್ಲಿಸುತ್ತದೆ. ನಾವು ಅವತ್ತು ಸೀರಿಯಲ್ ಅಂತ ಅಲ್ಲಿ ಬರೆದ ಎರಡು ನಿಮಿಷಕ್ಕೆ ಪುಟ ತುಂಬಿಕೊಂಡಿತು.

ಆದರೆ ಅದನ್ನು ಮದ್ದು ಅಂತ ನಾನು ಒಪ್ಪುವುದಿಲ್ಲ. ಅದು ನೋವಿನ ಮಾತ್ರೆ. ನಿಮ್ಮ ಕ್ಲಾಸು ಗೊಂಬೆಯ ಲೈಬ್ರರಿಯ ಕ್ಲಾಸಿನಿಂದ ಹುಟ್ಟಿದ್ದಾದರೆ ಕೈಪಿಡಿಯಲ್ಲಿ ಅದರ ತಾಯಿಬೇರು ತಪ್ಪಾಗಿ ಬರುತ್ತದೆ. ಸರಿಯಾದ ರಿಪೇರಿ ಅಂದರೆ ಪೋರ್ಟ್ ತೆರೆಯುವ ಸಾಲನ್ನು ಫಂಕ್ಷನ್ನಿನ ಒಳಗೆ ಹಾಕುವುದು. ಇಂಪೋರ್ಟ್ ಮಾಡಿದ ಮಾತ್ರಕ್ಕೆ ತಕ್ಕಡಿಯನ್ನು ಹುಡುಕುವ ಕೋಡು ಕೈಪಿಡಿಗೆ ಮಾತ್ರ ಅಲ್ಲ, ಟೆಸ್ಟಿಗೂ ಕಂಟಕ. ಅದನ್ನೂ ಮಾಡಿದೆವು, ಅರ್ಧ ದಿನ ಹಿಡಿಯಿತು.

ಜೊತೆಗೆ ಸ್ಫಿಂಕ್ಸ್ ಬಿಲ್ಡ್ ಕಮಾಂಡಿಗೆ ಮೈನಸ್ ದೊಡ್ಡ ಡಬ್ಲ್ಯು ಸೇರಿಸಿ. ಆಗ ವಾರ್ನಿಂಗ್ ಬಂದರೂ ಬಿಲ್ಡ್ ಫೇಲ್ ಆಗುತ್ತದೆ. ಮೊದಲ ದಿನ ನಮಗೆ ಎಪ್ಪತ್ತಕ್ಕೂ ಜಾಸ್ತಿ ವಾರ್ನಿಂಗ್ ಕಂಡವು. ಒಂದೊಂದಾಗಿ ಕಿತ್ತೆವು, ಗದ್ದೆಯ ಕಳೆ ಕಿತ್ತ ಹಾಗೆ. ಡಾಕ್ಸಿಜನ್ನಿನಲ್ಲಿ ಇದೇ ಕೆಲಸಕ್ಕೆ ವಾರ್ನ್ ಆ್ಯಸ್ ಎರರ್ ಇದೆ.

ಪುಟ ಇದೆ, ಒಂದು ಫಂಕ್ಷನ್ ಮಾತ್ರ ಕಾಣೆ

ಇಂಪೋರ್ಟ್ ಆಗಿದೆ, ಉಳಿದವೆಲ್ಲ ಇವೆ, ಒಂದೇ ಒಂದು ಇಲ್ಲ. ಇಲ್ಲಿ ನೋಡಬೇಕಾದದ್ದು ಆ ಫಂಕ್ಷನ್ನಿನ ಮುಖವನ್ನು.

ಆಟೊಡಾಕ್‌ಗೆ ಕೊಡುವ ಆಯ್ಕೆಗಳಲ್ಲಿ ಮೆಂಬರ್ಸ್ ಅಂತ ಮಾತ್ರ ಬರೆದಿದ್ದರೆ ಆಟೊಡಾಕ್ ಡಾಕ್‌ಸ್ಟ್ರಿಂಗ್ ಇರುವುದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಇಲ್ಲದ್ದೂ ಬೇಕಾದರೆ ಅನ್‌ಡಾಕ್ ಮೆಂಬರ್ಸ್ ಸೇರಿಸಬೇಕು. "ನಾನು ವಿವರಣೆ ಬರೆದಿದ್ದೀನಲ್ಲ" ಅಂತ ಜಗಳಕ್ಕೆ ಬರುವವರು ಹೆಚ್ಚಾಗಿ ಬರೆದಿರುವುದು # ಹಾಕಿದ ಕಾಮೆಂಟು. ಅದು ಡಾಕ್‌ಸ್ಟ್ರಿಂಗ್ ಅಲ್ಲ. ಡಾಕ್‌ಸ್ಟ್ರಿಂಗ್ ಅಂದರೆ ಫಂಕ್ಷನ್ನಿನ ಒಳಗಿನ ಮೊಟ್ಟಮೊದಲ ಮಾತಾಗಿರುವ ಸ್ಟ್ರಿಂಗ್. ಅದಕ್ಕಿಂತ ಮೊದಲು ಒಂದು ಪ್ರಿಂಟ್ ಸಾಲು ನುಸುಳಿದರೂ ಅದು ಸುಮ್ನೆ ಬಿದ್ದಿರುವ ಸ್ಟ್ರಿಂಗ್ ಆಗುತ್ತದೆ. ಎಫ್ ಸ್ಟ್ರಿಂಗ್ ಹಾಕಿದರೂ ಆಗುವುದಿಲ್ಲ. ನಮ್ಮ ಹುಡುಗ ದರಪಟ್ಟಿಯ ಆವೃತ್ತಿಯ ಸಂಖ್ಯೆ ತಾನಾಗಿ ಬರಲಿ ಅಂತ ಡಾಕ್‌ಸ್ಟ್ರಿಂಗಿನ ಮುಂದೆ ಎಫ್ ಹಾಕಿದ್ದ. ಒಳ್ಳೆಯ ಯೋಚನೆಯೇ, ಆದರೆ ಪೈಥಾನ್ ಅದನ್ನು ಡಾಕ್‌ಸ್ಟ್ರಿಂಗ್ ಅಂತ ಲೆಕ್ಕಕ್ಕೇ ಹಿಡಿಯಲಿಲ್ಲ.

ಹೆಸರಿನ ಮುಂದೆ ಅಂಡರ್‌ಸ್ಕೋರ್ ಇದ್ದರೆ ಖಾಸಗಿ ಅಂತ ಬಿಟ್ಟುಬಿಡುತ್ತದೆ. ಬೇರೆ ಫೈಲಿನಿಂದ ಇಂಪೋರ್ಟ್ ಮಾಡಿ ತಂದದ್ದಾದರೆ ಇದು ನಮ್ಮ ಮನೆಯದಲ್ಲ ಅಂತ ಬಿಡುತ್ತದೆ. ಅದು ಬೇಕಾದರೆ ಇಂಪೋರ್ಟೆಡ್ ಮೆಂಬರ್ಸ್ ಅಂತ ಹೇಳಬೇಕು.

ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಡೆಕೊರೇಟರ್, ಫಂಕ್ಷನ್ನಿನ ತಲೆಯ ಮೇಲೆ ಬರೆದು ಅದಕ್ಕೆ ಹೊಸ ಕೆಲಸ ಸೇರಿಸುವ ಸಾಲು. ಒಂದು ಸಲ ಯಾವ ಲೆಕ್ಕ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡಲು ದರದ ಫಂಕ್ಷನ್ನುಗಳಿಗೆಲ್ಲ ಒಂದು ಡೆಕೊರೇಟರ್ ಹಾಕಿದೆವು. ಕೋಡ್ ಸರಿಯಾಗಿಯೇ ನಡೆಯಿತು. ಮರುದಿನ ನೋಡಿದರೆ ಕೈಪಿಡಿಯಿಂದ ಆ ಫಂಕ್ಷನ್ನುಗಳೆಲ್ಲ ಒಟ್ಟಿಗೆ ಮಾಯ. ಡೆಕೊರೇಟರ್ ಹಳೆಯ ಫಂಕ್ಷನ್ನನ್ನು ಒಳಗೆ ಬಚ್ಚಿಟ್ಟು ಹೊರಗೆ ತನ್ನದೊಂದು ಫಂಕ್ಷನ್ ನಿಲ್ಲಿಸುತ್ತದೆ. ಆ ಹೊಸದಕ್ಕೆ ಡಾಕ್‌ಸ್ಟ್ರಿಂಗ್ ಇಲ್ಲ, ಹೆಸರು ಬೇರೆ, ಹುಟ್ಟಿದ ಮಾಡ್ಯೂಲೂ ಬೇರೆ. ಆಟೊಡಾಕ್ ಬಿಟ್ಟದ್ದರಲ್ಲಿ ತಪ್ಪೇನಿಲ್ಲ. ಫಂಕ್‌ಟೂಲ್ಸ್‌ನಲ್ಲಿರುವ ರ‍್ಯಾಪ್ಸ್ ಅನ್ನು ಡೆಕೊರೇಟರಿನ ಒಳಗಿನ ಫಂಕ್ಷನ್ನಿನ ಮೇಲೆ ಹಾಕಿದರೆ ಹೆಸರು, ಮಾಡ್ಯೂಲು, ಡಾಕ್‌ಸ್ಟ್ರಿಂಗ್ ಮೂರೂ ನಕಲಾಗಿ ಬರುತ್ತವೆ. ಒಂದೇ ಸಾಲು. ಅದನ್ನು ಹುಡುಕಲು ಒಂದು ಸಂಜೆ.

ಡಾಕ್ಸಿಜನ್ ಇದ್ದರೆ

ಆಗುಂಬೆ ಕಡೆಯ ಒಂದು ತೋಟಕ್ಕೆ ಮಳೆ ಅಳೆಯುವ ಪೆಟ್ಟಿಗೆ ಮಾಡಿಕೊಟ್ಟಿದ್ದೆವು. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ಊರು. ಪೆಟ್ಟಿಗೆಯ ಒಳಗೆ ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಕೋಡ್ ಸಿ ಪ್ಲಸ್ ಪ್ಲಸ್, ಕೈಪಿಡಿಗೆ ಡಾಕ್ಸಿಜನ್. ಇಲ್ಲಿ ಇಂಪೋರ್ಟಿನ ರಗಳೆ ಇಲ್ಲ. ಆದರೂ ಮೊದಲ ಸಲ ಪುಟ ಬೋಳಾಗಿಯೇ ಬಂತು.

ಕಾರಣ ಒಂದಲ್ಲ, ಸಾಲಾಗಿ ಇದ್ದವು. ಒಳಗಿನ ಫೋಲ್ಡರುಗಳಿಗೆ ಅದು ತಾನಾಗಿ ಇಳಿಯುವುದಿಲ್ಲ, ರಿಕರ್ಸಿವ್ ಅನ್ನು ಎಸ್ ಮಾಡಬೇಕು. ಆರ್ಡುಯಿನೊದ ಐಎನ್ಒ ಫೈಲು ಯಾವ ಭಾಷೆಯದು ಅಂತ ನಾವೇ ಹೇಳಿಕೊಡಬೇಕು: ಫೈಲ್ ಪ್ಯಾಟರ್ನ್ಸ್‌ಗೂ ಸೇರಿಸಬೇಕು, ಎಕ್ಸ್‌ಟೆನ್ಶನ್ ಮ್ಯಾಪಿಂಗಿಗೂ ಸೇರಿಸಬೇಕು. ಕಾಮೆಂಟು /* ಅಂತ ಒಂದೇ ನಕ್ಷತ್ರದಿಂದ ಶುರುವಾದರೆ ಅದು ಮಾಮೂಲಿ ಕಾಮೆಂಟು. ಕೈಪಿಡಿಗೆ ಬೇಕಾದರೆ /** ಅಂತ ಎರಡು ನಕ್ಷತ್ರ. ಇಷ್ಟೆಲ್ಲ ಮಾಡಿದ ಮೇಲೂ ಕ್ಲಾಸಿನ ಹೊರಗಿರುವ ಫಂಕ್ಷನ್ನುಗಳು ಬರಲಿಲ್ಲ. ಅವು ಬರಬೇಕಾದರೆ ಆ ಫೈಲಿಗೇ ಒಂದು ವಿವರಣೆ ಇರಬೇಕು, ತಲೆಯ ಮೇಲೆ @ಫೈಲ್ ಅಂತ ಬರೆದ ಕಾಮೆಂಟು. ಇದನ್ನು ತಪ್ಪಿಸಿಕೊಂಡವರು ಕಡಿಮೆ.

ಎಕ್ಸ್‌ಟ್ರಾಕ್ಟ್ ಆಲ್ ಎಸ್ ಮಾಡಿದರೆ ಎಲ್ಲ ಬರುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬರುತ್ತದೆ, ನಿಜ. ವಿವರಣೆ ಬರೆಯದ ಫಂಕ್ಷನ್ನಿನ ಬಗ್ಗೆ ಬರುವ ವಾರ್ನಿಂಗೂ ಅದರ ಜೊತೆಗೇ ನಿಂತುಹೋಗುತ್ತದೆ. ದೋಷ ಹುಡುಕುವಾಗ ಐದು ನಿಮಿಷ ಹಾಕಿ ನೋಡಿ, ಆಮೇಲೆ ತೆಗೆಯಿರಿ.

ಕೊನೆಗೆ ಉಳಿದದ್ದು ಒಂದೇ ಫಂಕ್ಷನ್, ಜೋರು ಮಳೆಯಲ್ಲಿ ಬೇಗ ಬೇಗ ಎಣಿಸುವಂಥದ್ದು. ಅದು ಇಫ್‌ಡೆಫ್ ಒಳಗೆ, ಅಂದರೆ ಮ್ಯಾಕ್ರೊ ಅನ್ನುವ ಒಂದು ಗುರುತಿನ ಹೆಸರು ಇದ್ದರೆ ಮಾತ್ರ ಲೆಕ್ಕಕ್ಕೆ ಬರುವ ಸಾಲುಗಳ ನಡುವೆ ಇತ್ತು. ಡಾಕ್ಸಿಜನ್ ತಾನೂ ಪ್ರಿಪ್ರೊಸೆಸರ್ ಓಡಿಸುತ್ತದೆ, ಆ ಮ್ಯಾಕ್ರೊ ಡಿಫೈನ್ ಆಗಿಲ್ಲದಿದ್ದರೆ ಒಳಗಿನದ್ದನ್ನು ಬಿಟ್ಟುಬಿಡುತ್ತದೆ. ಪ್ರೀಡಿಫೈನ್ಡ್ ಪಟ್ಟಿಯಲ್ಲಿ ಮ್ಯಾಕ್ರೊದ ಹೆಸರು ಬರೆದ ಮೇಲೆ ಬಂತು. ಆಗುಂಬೆಗೆ ಕಳಿಸುವ ಪೆಟ್ಟಿಗೆಯ ಕೈಪಿಡಿಯಲ್ಲಿ ಜೋರು ಮಳೆಯ ಫಂಕ್ಷನ್ನೇ ಇಲ್ಲದಿದ್ದರೆ ಹೇಗೆ?

ಜಾವಾದವರಿಗೆ ಒಂದೇ ಮಾತು. ಹಳೆಯ ಪ್ರಾಜೆಕ್ಟನ್ನು ಜಾವಾ 8 ಅಥವಾ ಅದರ ನಂತರದ್ದಕ್ಕೆ ತಂದಾಗ ಜಾವಾದ ಕೈಪಿಡಿ ಸಾಧನ ಜಾವಾಡಾಕ್ ಇದ್ದಕ್ಕಿದ್ದಂತೆ ಎರರ್ ಸುರಿಸಿದರೆ, ಕಾಮೆಂಟುಗಳನ್ನು ತಪಾಸಣೆ ಮಾಡುವ ಅದು ಡಾಕ್‌ಲಿಂಟಿನ ಕೆಲಸ. ಕಾಮೆಂಟಿನಲ್ಲಿ ಬಿಡಿಯಾಗಿ ಬಿದ್ದ < ಚಿಹ್ನೆ, ಮುಚ್ಚದ ಟ್ಯಾಗು ಇಂಥವನ್ನು ಅದು ಸಹಿಸುವುದಿಲ್ಲ. ಅದನ್ನು ಆಫ್ ಮಾಡಬಹುದು, ಆದರೆ ಅದು ಹೇಳುತ್ತಿರುವುದು ಸರಿಯೇ.

ಹೊಸದು ಬರೆದೆ, ಹಳೆಯದೇ ಕಾಣುತ್ತಿದೆ

ಬಿಲ್ಡ್ ಫೋಲ್ಡರ್ ಅಳಿಸಿ, ಬ್ರೌಸರಿನಲ್ಲಿ ಕಂಟ್ರೋಲ್, ಶಿಫ್ಟ್, ಆರ್ ಒತ್ತಿ. ಹೆಚ್ಚಿನ ಸಲ ಅಷ್ಟಕ್ಕೇ ಮುಗಿಯುತ್ತದೆ.

ಮುಗಿಯದಿದ್ದರೆ ಅನುಮಾನ ಪಡಬೇಕಾದ್ದು ಬೇರೆ. ನಿಮ್ಮ ಪ್ಯಾಕೇಜನ್ನು ಎಂದೋ ಒಂದು ದಿನ ಪೈಥಾನಿನ ಇನ್‌ಸ್ಟಾಲರ್ ಆದ ಪಿಪ್‌ನಲ್ಲಿ ಇನ್‌ಸ್ಟಾಲ್ ಮಾಡಿರುತ್ತೀರಿ. ಅದರ ಹಳೆಯ ನಕಲು ಪೈಥಾನ್ ಫೋಲ್ಡರಿನಲ್ಲಿ ಕೂತಿರುತ್ತದೆ. ನೀವು ತಿದ್ದುವುದು ಒಂದು ಫೈಲು, ಆಟೊಡಾಕ್ ಇಂಪೋರ್ಟ್ ಮಾಡುವುದು ಇನ್ನೊಂದು. ಮಾಡ್ಯೂಲನ್ನು ಇಂಪೋರ್ಟ್ ಮಾಡಿ ಅದರ ಡಬಲ್ ಅಂಡರ್‌ಸ್ಕೋರ್ ಫೈಲ್ ಪ್ರಿಂಟ್ ಮಾಡಿ ನೋಡಿ. ಯಾವ ಫೋಲ್ಡರಿನಿಂದ ಬಂತು ಅಂತ ಅದೇ ಹೇಳುತ್ತದೆ. ಪಿಪ್ ಇನ್‌ಸ್ಟಾಲಿಗೆ ಮೈನಸ್ ಇ ಸೇರಿಸಿ ಹಾಕಿಕೊಂಡರೆ ನಕಲಿನ ಬದಲು ನಿಮ್ಮ ಫೋಲ್ಡರಿಗೇ ಕೊಂಡಿ ಬೀಳುತ್ತದೆ.

ಮಾತು ಸರಿಯಾಗಿದೆ, ಆದರೆ ಬಣ್ಣ, ಮೆನು ಎಲ್ಲ ಹೋಗಿ ಬಡಪಾಯಿಯ ಹಾಗೆ ಕಾಣುತ್ತಿದೆ, ಅದೂ ಗಿಟ್‌ಹಬ್ ಪೇಜಸ್‌ನಲ್ಲಿ ಮಾತ್ರ. ಅಂಡರ್‌ಸ್ಕೋರಿನಿಂದ ಶುರುವಾಗುವ ಫೋಲ್ಡರುಗಳನ್ನು ಅಲ್ಲಿ ಪುಟಗಳನ್ನು ಸಿದ್ಧಮಾಡುವ ಜೆಕಿಲ್ ಬಿಟ್ಟುಬಿಡುತ್ತದೆ, ಸ್ಫಿಂಕ್ಸಿನ ಸ್ಟೈಲ್ ಫೈಲುಗಳು ಇರುವುದೇ ಅಂಥ ಫೋಲ್ಡರಿನಲ್ಲಿ. ಡಾಟ್ ನೋಜೆಕಿಲ್ ಅನ್ನುವ ಖಾಲಿ ಫೈಲು ಇಟ್ಟರೆ ಸಾಕು. ಸ್ಫಿಂಕ್ಸಿನ ಗಿಟ್‌ಹಬ್‌ಪೇಜಸ್ ಎಕ್ಸ್‌ಟೆನ್ಶನ್ ಅದನ್ನು ತಾನೇ ಇಡುತ್ತದೆ.

ಪ್ಯಾರಾಮೀಟರುಗಳೆಲ್ಲ ಒಂದೇ ಪ್ಯಾರಾದಲ್ಲಿ ಕಲಸಿಹೋಗಿದ್ದರೆ ನೀವು ಗೂಗಲ್ ಅಥವಾ ನಂಪೈ ಶೈಲಿಯಲ್ಲಿ ಬರೆದಿದ್ದೀರಿ, ಆ ಶೈಲಿಗಳನ್ನು ಸ್ಫಿಂಕ್ಸಿಗೆ ಅರ್ಥ ಮಾಡಿಸುವ ನೆಪೋಲಿಯನ್ ಎಕ್ಸ್‌ಟೆನ್ಶನ್ ಹಾಕಿಲ್ಲ.

ಕನ್ನಡದಲ್ಲಿ ಬರೆದರೆ

ನಮ್ಮ ಮಂಡಿ ಕೋಡಿನ ಡಾಕ್‌ಸ್ಟ್ರಿಂಗುಗಳು ಕನ್ನಡದಲ್ಲಿವೆ. ಗೊರಬಲನ್ನು ಇಂಗ್ಲಿಷಿನಲ್ಲಿ ವಿವರಿಸಿ ಯಾರಿಗೆ ಲಾಭ? ಪೈಥಾನ್ 3ಕ್ಕೆ ಯೂನಿಕೋಡ್ ಹೊಸತಲ್ಲ, ಡಾಕ್ಸಿಜನ್ನೂ ಬೇರೆ ಹೇಳದಿದ್ದರೆ ಯುಟಿಎಫ್ 8 ಅಂತಲೇ ಓದುತ್ತದೆ. ಆದರೂ ಮೂರು ಕಡೆ ಎಡವಿದೆವು.

ಒಂದು ಫೈಲಿನ ವಿವರಣೆ ಪುಟದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂತೆಯಾಗಿ ಬಂತು. ಯಾರೋ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದ ಕಡತದಿಂದ ನಕಲು ಹೊಡೆದಿದ್ದರು. ಅದು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ಮುಖವಾಡ ಹಾಕಿದ್ದು. ಫಾಂಟ್ ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಕನ್ವರ್ಟರಿಗೆ ಹಾಕಿ ಯೂನಿಕೋಡ್ ಮಾಡಿಕೊಂಡೆವು.

ಪಿಡಿಎಫ್ ಮಾಡಲು ಹೋದಾಗ, ಪುಟ ಜೋಡಿಸುವ ಸಾಧನ ಲೇಟೆಕ್ ಎರರ್ ಕೊಟ್ಟು ನಿಂತಿತು. ಸ್ಫಿಂಕ್ಸ್ ಮಾಮೂಲಾಗಿ ಬಳಸುವ ಪಿಡಿಎಫ್‌ಲೇಟೆಕ್ಕಿಗೆ ಕನ್ನಡ ಬರುವುದಿಲ್ಲ. ಲೇಟೆಕ್ ಎಂಜಿನ್ ಸೆಟ್ಟಿಂಗನ್ನು ಜೀಲೇಟೆಕ್ ಮಾಡಿ, ನೋಟೊ ಸೆರಿಫ್ ಕನ್ನಡ ಫಾಂಟ್ ಹಾಕಿದರೆ ಒತ್ತು, ಗುಣಿತ ಎಲ್ಲ ಸರಿಯಾಗಿ ಕೂರುತ್ತವೆ.

ಮೂರನೆಯದು ಹುಡುಕುವ ಪೆಟ್ಟಿಗೆ. ಅಡಿಕೆ ಅಂತ ಹುಡುಕಿದರೆ ಸಂಬಂಧವೇ ಇಲ್ಲದ ಪುಟಗಳು ಬಂದವು. ಸ್ಫಿಂಕ್ಸ್ ಪದಗಳನ್ನು ಬಿಡಿಸಲು ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸುತ್ತದೆ. ಅದರ ಲೆಕ್ಕದಲ್ಲಿ ಕನ್ನಡದ ಗುಣಿತದ ಚಿಹ್ನೆ ಅಕ್ಷರವೇ ಅಲ್ಲ. ಗುಡಿಸು, ಏತ್ವ ಕಂಡಲ್ಲೆಲ್ಲ ಪದ ಮುಗಿಯಿತು ಅಂದುಕೊಳ್ಳುತ್ತದೆ. ಅಡಿಕೆ ಅಲ್ಲಿ ಅಡ ಮತ್ತು ಕ ಆಗುತ್ತದೆ, ಅಡಕತ್ತರಿಗೆ ಸಿಕ್ಕ ಹಾಗೆ. ಪದ ಒಡೆಯುವ ರೀತಿಯನ್ನು ನಾವೇ ಬರೆದು ಸ್ಫಿಂಕ್ಸಿಗೆ ಸೇರಿಸಬಹುದು. ನಾವು ಅಷ್ಟು ದೂರ ಹೋಗಲಿಲ್ಲ. ಫಂಕ್ಷನ್ನುಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇವೆ, ಅದರಲ್ಲಿ ಹುಡುಕಿಕೊಳ್ಳುತ್ತೇವೆ.

ಎಲ್ಲ ಸರಿಯಾಗಿ ಕಾಣುವ ಪುಟ

ಇದುವರೆಗಿನವು ಕಣ್ಣಿಗೆ ಕಾಣುವ ದೋಷಗಳು. ನನ್ನನ್ನು ನಿಜವಾಗಿ ಹೆದರಿಸಿದ್ದು ಕಾಣದ್ದು.

ಬೆಟ್ಟೆಯ ದರ ಕೊಡುವ ಫಂಕ್ಷನ್ ಬರೆದಾಗ ರಾಶಿಯ ಡಾಕ್‌ಸ್ಟ್ರಿಂಗನ್ನು ಹಾಗೇ ನಕಲು ಮಾಡಿದ್ದೆ. ರಾಶಿಯದು ಕ್ವಿಂಟಲಿನ ದರ. ಬೆಟ್ಟೆಯದನ್ನು ಯಾವುದೋ ಕಾರಣಕ್ಕೆ ಕೆಜಿಗೆ ಲೆಕ್ಕ ಹಾಕಿದ್ದೆ. ಕೈಪಿಡಿ ಮಾತ್ರ ಎರಡಕ್ಕೂ ಕ್ವಿಂಟಲ್ ಅಂತ ಹೇಳಿತು. ವಾರ್ನಿಂಗ್ ಇಲ್ಲ, ಬಿಲ್ಡ್ ಹಸಿರು, ಪುಟ ಲಕ್ಷಣವಾಗಿತ್ತು. ಆ ಕಡೆಯ ತಂಡದವರು ಕೈಪಿಡಿ ನಂಬಿ ನೂರರಿಂದ ಭಾಗಿಸಿದರು. ಅವರ ಪರೀಕ್ಷೆಯ ಬಿಲ್ಲಿನಲ್ಲಿ ಬೆಟ್ಟೆ ಕೆಜಿಗೆ ನಾಲ್ಕು ರೂಪಾಯಿ ಎಂಬತ್ತು ಪೈಸೆ. ಕೊತ್ತಂಬರಿ ಕಟ್ಟೂ ಆ ಬೆಲೆಗೆ ಸಿಗುವುದಿಲ್ಲ. ಪುಣ್ಯಕ್ಕೆ ಅದು ಪರೀಕ್ಷೆಯ ಬಿಲ್ಲು.

ಪ್ಯಾರಾಮೀಟರಿನ ಹೆಸರು ಹೊಂದದಿದ್ದರೆ ಡಾಕ್ಸಿಜನ್ ಎಚ್ಚರಿಸುತ್ತದೆ. ಅರ್ಥ ಹೊಂದುವುದಿಲ್ಲ ಅಂತ ಎಚ್ಚರಿಸಲು ಈ ಸಾಧನಗಳಿಗೆ ಬರುವುದಿಲ್ಲ, ಅವಕ್ಕೆ ನಾವು ಉದಾಹರಣೆ ಕೊಡದ ಹೊರತು. ಈಗ ನಮ್ಮಲ್ಲಿ ದರದ ಪ್ರತಿ ಡಾಕ್‌ಸ್ಟ್ರಿಂಗಿನಲ್ಲೂ ಒಂದು ಲೆಕ್ಕ ಇರಬೇಕು. ಕ್ವಿಂಟಲಿಗೆ 48,000 ದರ, 250 ಕೆಜಿ ತೂಕ, ಉತ್ತರ 1,20,000. ಮೂರು ಬಾಣದ ಗುರುತು ಹಾಕಿ ಬರೆದ ಈ ಸಾಲನ್ನು ಪೈಥಾನಿನ ಡಾಕ್‌ಟೆಸ್ಟ್ ನಿಜವಾಗಿ ಓಡಿಸಿ, ಉತ್ತರ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಬಿಲ್ಡ್ ನಿಲ್ಲುತ್ತದೆ.

ಹಾಗೆ ಮಾಡಿ ಹದಿನೈದು ದಿನ ಆಗಿರಲಿಲ್ಲ, ಹುಡುಗ ಮತ್ತೆ ಫೋನ್ ಮಾಡಿದ. "ಅಣ್ಣಾ, ಸರಕಿನ ಡಾಕ್‌ಟೆಸ್ಟ್ ಬಿದ್ದಿದೆ."

"ಡಾಕ್‌ಸ್ಟ್ರಿಂಗ್ ತಪ್ಪಾ, ಕೋಡ್ ತಪ್ಪಾ?"

ಸ್ವಲ್ಪ ಹೊತ್ತು ಬರೀ ಮಳೆಯ ಸದ್ದು. ಆಮೇಲೆ, "ಕೋಡೇ ತಪ್ಪು ಅಣ್ಣಾ. ಆರು ತಿಂಗಳಿಂದ."